ಕಿಡ್ನಿ ರೋಗಿಯ ಮನೆಗೆ ಮದ್ದು ಹೊತ್ತು ಬರುವ ನೆಂಟರಿಗೆ

ಪ್ರೀತಿಯ ಬಂಧುಗಳೇ, ನೆರೆಹೊರೆಯವರೇ, ನನ್ನ ಹಳೆಯ ವಿದ್ಯಾರ್ಥಿಗಳೇ, ವಾಟ್ಸ್‌ಆ್ಯಪ್ ಗುಂಪಿನ ಹಿತೈಷಿಗಳೇ,

ನನಗೆ ಕಿಡ್ನಿ ಕಾಯಿಲೆ ಎಂಬ ಸುದ್ದಿ ಹರಡಿದ ಮೇಲೆ ನಮ್ಮ ಮನೆಗೆ ಬರಿಗೈಯಲ್ಲಿ ಬಂದವರು ಕಡಿಮೆ. ಸಕ್ಕರೆ ಕಾಯಿಲೆಯವಳಿಗೆ ಸಿಹಿ ತರುವಂತಿಲ್ಲ, ಯಾವ ಹಣ್ಣು ಆಗುತ್ತದೋ ಯಾವುದು ಆಗದೋ ನಿಮಗೂ ಅನುಮಾನ. ಹಾಗಾಗಿ ಮದ್ದು ತರುತ್ತೀರಿ. ನೆಗ್ಗಿಲು ಮುಳ್ಳಿನ ಪುಡಿ, ಕೊಮ್ಮೆ ಬೇರಿನ ಕಷಾಯ, ಬಾಳೆದಿಂಡಿನ ರಸ, ನೋನಿ ಜ್ಯೂಸಿನ ಬಾಟಲಿ, ಅರಿಸಿನದ ಕ್ಯಾಪ್ಸೂಲು, ಅಮೆರಿಕದಲ್ಲಿರುವ ಮಗ ಕಳಿಸಿದ್ದೆಂದು ಕೊಟ್ಟ ‘ಕಿಡ್ನಿ ಕ್ಲೆನ್ಸ್’ ಡಬ್ಬಿ, ಯಾವುದೋ ಹಳ್ಳಿಯ ನಾಟಿ ವೈದ್ಯರು ಪೊಟ್ಟಣ ಕಟ್ಟಿಕೊಟ್ಟ ಬೂದು ಬಣ್ಣದ ಚೂರ್ಣ. ಎಲ್ಲವನ್ನೂ ಕೈಯಾರೆ ತೆಗೆದುಕೊಂಡಿದ್ದೇನೆ, ಕಾಫಿ ಕೊಟ್ಟು ಕಳಿಸಿದ್ದೇನೆ. ಯಾವುದನ್ನೂ ಕುಡಿದಿಲ್ಲ. ಏಕೆ ಕುಡಿದಿಲ್ಲ ಎಂದು ಒಬ್ಬೊಬ್ಬರಿಗೂ ಕೂರಿಸಿಕೊಂಡು ಹೇಳುವ ತ್ರಾಣ ಈಗ ನನಗಿಲ್ಲ. ನನ್ನಂಥವರ ಮನೆಗಳು ಊರೂರಲ್ಲೂ ಇವೆ, ಅಲ್ಲಿಗೂ ನಿಮ್ಮಂಥವರೇ ಹೋಗುತ್ತಿದ್ದೀರಿ. ಅದಕ್ಕೆ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ತಿಪಟೂರು ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಕಾಯಿಲೆ ಬಂದ ಮೇಲೆ ಅದರ ಬಗ್ಗೆ ಓದುವುದೇ ಕೆಲಸವಾಯಿತು. ಓದಿದ್ದನ್ನು ಡಾಕ್ಟರ ಹತ್ತಿರ ಕೇಳಿ ಸರಿಮಾಡಿಕೊಂಡೆ. ಪಾಠ ಹೇಳಿದ ಬಾಯಿ ಸುಮ್ಮನಿರುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ನನ್ನ ಇ-ಜಿಎಫ್‌ಆರ್ ಈಗ 22ರ ಆಸುಪಾಸಿನಲ್ಲಿದೆ. ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂಬುದರ ಅಂದಾಜು ಈ ಅಂಕಿ. ಆರೋಗ್ಯವಂತರಿಗೆ 90ರ ಮೇಲಿರುತ್ತದೆ. 15ರಿಂದ 29 ಎಂದರೆ ನಾಲ್ಕನೇ ಹಂತ. 15ಕ್ಕಿಂತ ಕೆಳಗಿಳಿದರೆ ಐದನೆಯದು, ಅಲ್ಲಿ ಡಯಾಲಿಸಿಸ್ಸಿನ, ಕಸಿಯ ಮಾತು ಬರುತ್ತದೆ. ನಿಮ್ಮ ಎರಡು ಕಿಡ್ನಿಗಳು ದಿನಕ್ಕೆ ಹೆಚ್ಚುಕಡಿಮೆ 180 ಲೀಟರ್ ದ್ರವ ಸೋಸಿ, ಬೇಕಾದ್ದನ್ನೆಲ್ಲ ಹಿಂದಕ್ಕೆಳೆದುಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ತಿಂದದ್ದು ಹೆಚ್ಚಾಗಲಿ, ಕಡಿಮೆಯಾಗಲಿ, ಉಪ್ಪಾಗಲಿ, ಹುಳಿಯಾಗಲಿ, ಬೆಳಗಾಗುವಷ್ಟರಲ್ಲಿ ಲೆಕ್ಕ ಸರಿಮಾಡಿಬಿಡುತ್ತವೆ. ನನ್ನವು ಅಷ್ಟು ಮಾಡಲಾರವು. ಬಚ್ಚಲ ಮೋರಿ ಮುಕ್ಕಾಲು ಕಟ್ಟಿಕೊಂಡ ಮನೆಯಲ್ಲಿ ಒಂದು ಕೊಡ ನೀರು ಚೆಲ್ಲಿದರೂ ನಡುಮನೆಗೆ ಬರುತ್ತದೆ.

ನೀವು ಮದ್ದು ಕೊಡುವಾಗ ಒಂದು ಮಾತು ತಪ್ಪದೆ ಹೇಳುತ್ತೀರಿ: ‘ಇದು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ, ನಾನೇ ಕುಡಿದಿದ್ದೇನೆ.’ ನೀವು ಕುಡಿದದ್ದು ನಿಜ, ಏನೂ ಆಗದಿದ್ದದ್ದೂ ನಿಜ. ಆದರೆ ನಿಮಗೇನೂ ಆಗದಂತೆ ನೋಡಿಕೊಂಡದ್ದು ನಿಮ್ಮ ಕಿಡ್ನಿ. ಆ ಹೊಗಳಿಕೆಯನ್ನು ನೀವು ಸೊಪ್ಪಿಗೆ ಕೊಡುತ್ತಿದ್ದೀರಿ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಮೊದಲು ಎಳನೀರು. ತೆಂಗಿನ ಸೀಮೆಯಲ್ಲಿ ಹುಟ್ಟಿ ಎಳನೀರು ಬೇಡ ಎನ್ನುವುದಕ್ಕೆ ಎಷ್ಟು ಕಷ್ಟವಾಗುತ್ತದೆ ಗೊತ್ತೇ? ನಮ್ಮಣ್ಣ ಗೊನೆಯನ್ನೇ ತಂದು ಜಗಲಿಯ ಮೇಲಿಟ್ಟಾಗ ಮುಖ ತಿರುಗಿಸುವಂತಿರಲಿಲ್ಲ. ಒಂದು ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ದೊಡ್ಡದಾದರೆ ಇನ್ನೂ ಹೆಚ್ಚು. ನನಗೆ ದಿನಕ್ಕೆ ಹಾಕಿಕೊಟ್ಟಿರುವ ಮಿತಿ, ಅನ್ನ ಸಾರು ಪಲ್ಯ ಎಲ್ಲ ಸೇರಿ, 2 ಗ್ರಾಂ. ತಿಂದ ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹೊರಹಾಕುವುದು ಕಿಡ್ನಿಯೇ. ಅದು ಕೈಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಐದರ ಒಳಗಿರಬೇಕಾದ ಅಂಕಿ ಆರು ದಾಟಿತೆಂದರೆ ಹೃದಯದ ಬಡಿತ ತಪ್ಪಬಹುದು, ಯಾವ ಸೂಚನೆಯನ್ನೂ ಕೊಡದೆ ನಿಂತೂಬಿಡಬಹುದು. ನೋವಿಲ್ಲ, ಜ್ವರವಿಲ್ಲ. ಕೈಕಾಲು ಸ್ವಲ್ಪ ಸೋತಂತಾಗುತ್ತದೆ, ಅಷ್ಟೇ. ಬಾಳೆದಿಂಡಿನ ರಸ, ನೋನಿ ಜ್ಯೂಸು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ಹಸಿರು ಸೊಪ್ಪಿನ ರಸ ಎಲ್ಲಕ್ಕೂ ಇದೇ ತಕರಾರು. ಬಾಳೆದಿಂಡು ಕಲ್ಲು ಕರಗಿಸುತ್ತದೆ ಎನ್ನುತ್ತೀರಿ. ನನಗಿರುವುದು ಕಲ್ಲಲ್ಲ. ಕಿಡ್ನಿಯಲ್ಲಿ ಕಲ್ಲಾಗುವುದೂ ಕಿಡ್ನಿಯೇ ಸವೆಯುವುದೂ ಬೇರೆಬೇರೆ ಕಾಯಿಲೆಗಳು. ಒಂದಕ್ಕೆ ‘ನೀರು ಚೆನ್ನಾಗಿ ಕುಡಿ’ ಎನ್ನುತ್ತಾರೆ, ಇನ್ನೊಂದರಲ್ಲಿ ಕಾಲು ಊದಿಕೊಂಡಿದ್ದರೆ ನೀರನ್ನೂ ಅಳೆದು ಕುಡಿಯಬೇಕಾಗುತ್ತದೆ.

ಅಡುಗೆಮನೆಯ ವಿಷಯ ಬಂದದ್ದಕ್ಕೆ ಒಂದು ಸಂಗತಿ. ತರಕಾರಿ, ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ಆ ನೀರಿಗೆ ಇಳಿದು ಹೋಗುತ್ತದೆ. ನಮ್ಮಲ್ಲಿ ಆ ನೀರನ್ನು ಯಾರು ಚೆಲ್ಲುತ್ತಾರೆ? ಅದರಲ್ಲೇ ಬಸ್ಸಾರು. ಈಗ ನನ್ನ ತಟ್ಟೆಗೆ ಪಲ್ಯ, ಮನೆಯವರ ತಟ್ಟೆಗೆ ಬಸ್ಸಾರು ಎಂದು ಪಾಲಾಗಿದೆ. ನನಗೆ ಇದರ ಬಗ್ಗೆ ಇರುವ ದುಃಖವನ್ನು ಬರೆಯಹೊರಟರೆ ಪತ್ರ ಮುಗಿಯುವುದಿಲ್ಲ.

ಇನ್ನು ಕಮರಾಕ್ಷಿ. ಕರಾವಳಿಯ ಕಡೆ ಧಾರೆಹುಳಿ ಎನ್ನುತ್ತಾರೆ, ಅಡ್ಡ ಕೊಯ್ದರೆ ನಕ್ಷತ್ರ. ಉಪ್ಪುಖಾರ ಹಚ್ಚಿ ಕೊಡುವ ಈ ಹಣ್ಣನ್ನು ಶಾಲೆಯ ಗೇಟಿನ ಬಳಿ ತಿನ್ನದವರಿಲ್ಲ. ಇದರಲ್ಲಿ ನರಮಂಡಲಕ್ಕೆ ವಿಷವಾಗುವ ಒಂದು ವಸ್ತುವಿದೆ. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಆರೋಗ್ಯವಂತರ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಮಿದುಳಿಗೆ ಹೋಗುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ವಾಂತಿ, ಗಲಿಬಿಲಿ, ಫಿಟ್ಸು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು ಒಂದೇ ಹಣ್ಣು ತಿಂದು ಸತ್ತ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಂದೇ ತಟ್ಟೆಯಿಂದ ನೀವೂ ನಾನೂ ಒಂದೊಂದು ಹೋಳು ತೆಗೆದುಕೊಂಡರೆ ನಿಮಗೆ ಅದು ಹಣ್ಣು, ನನಗೆ ವಿಷ. ತೋಟದ್ದು, ಔಷಧಿ ಹೊಡೆಯದ್ದು ಎಂಬುದರಿಂದ ಇಲ್ಲಿ ಏನೂ ಬದಲಾಗುವುದಿಲ್ಲ.

ಅದರದೇ ಸೋದರ ಸಂಬಂಧಿ ಬಿಂಬುಳಿ. ಮಂಗಳೂರು ಕಡೆಯ ನಮ್ಮ ಅತ್ತಿಗೆ ಇದರ ಉಪ್ಪಿನಕಾಯಿ ಹಾಕಿದರೆ ಊರಿಗೆಲ್ಲ ಪರಿಮಳ. ಕೇರಳದಲ್ಲಿ ಇದರ ರಸ ಕುಡಿದರೆ ಕೊಲೆಸ್ಟರಾಲ್ ಇಳಿಯುತ್ತದೆ ಎಂಬ ಮಾತು ಹಬ್ಬಿತ್ತು. ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಜನರ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ ಏಳು ಜನಕ್ಕೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಕೂತುಬಿಟ್ಟಿತ್ತು. ಉಪ್ಪಿನಕಾಯಿಗೆ ಬೇಡವೆಂದು ನಾನು ಹೇಳುತ್ತಿಲ್ಲ (ನನಗೆ ಉಪ್ಪಿನ ಕಾರಣಕ್ಕೆ ಅದೂ ಬೇಡ, ಬಿಡಿ). ಊಟದ ತುದಿಗೆ ನಾಲಗೆಗೆ ತಾಗಿಸುವ ಪದಾರ್ಥವನ್ನು ಲೋಟಗಟ್ಟಲೆ ಹಿಂಡಿ ಔಷಧಿ ಎಂದು ಕುಡಿಯುವುದು ಬೇರೆಯೇ ಕೆಲಸ. ಅರಿಸಿನದ ಕಥೆಯೂ ಇದೇ. ಒಗ್ಗರಣೆಗೆ ಹಾಕುವ ಚಿಟಿಕೆ ಅರಿಸಿನಕ್ಕೆ ನನ್ನ ಡಾಕ್ಟರು ಎಂದೂ ಬೇಡ ಎಂದಿಲ್ಲ. ದಿನವೂ ಚಮಚಗಟ್ಟಲೆ ತಿಂದು, ಅದರ ಆಕ್ಸಲೇಟಿನಿಂದ ಕಿಡ್ನಿ ಹಾಳುಮಾಡಿಕೊಂಡವರ ವರದಿಗಳಿವೆ. ನೀವು ಕೊಟ್ಟ ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಈ ಮಾತು ಎಲ್ಲೂ ಇರಲಿಲ್ಲ, ಕನ್ನಡಕ ಹಾಕಿಕೊಂಡೇ ಹುಡುಕಿದೆ.

ಬ್ರಸೆಲ್ಸ್‌ನ ಕಥೆಯನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ. ಬೆಲ್ಜಿಯಂ ದೇಶದ ಆ ಊರಿನಲ್ಲಿ ತೂಕ ಇಳಿಸುವ ಒಂದು ಕ್ಲಿನಿಕ್ ಇತ್ತು. ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಿರಲಿಲ್ಲ. 1990ರಲ್ಲಿ ಅವರು ಮಾತ್ರೆಗೆ ಎರಡು ಚೀನೀ ಗಿಡಮೂಲಿಕೆಗಳನ್ನು ಸೇರಿಸಿದರು. ಎರಡು ವರ್ಷದಲ್ಲಿ ಚಿಕ್ಕ ವಯಸ್ಸಿನ ಹೆಂಗಸರು ಒಬ್ಬರ ಹಿಂದೊಬ್ಬರು ಕಿಡ್ನಿ ಕೆಟ್ಟು ಆಸ್ಪತ್ರೆಗೆ ಬರತೊಡಗಿದರು. ವ್ಯಾನ್‌ಹರ್ವೆಗೆಮ್ ಎಂಬ ವೈದ್ಯರೂ ಅವರ ಜೊತೆಯವರೂ ಇವರೆಲ್ಲ ಒಂದೇ ಕ್ಲಿನಿಕ್ಕಿನ ಮಾತ್ರೆ ತಿಂದವರೆಂದು ಪತ್ತೆಹಚ್ಚಿ 1993ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆಮೇಲೆ ಗೊತ್ತಾದದ್ದು: ಸೇರಿಸಬೇಕಾಗಿದ್ದ ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ ಬೇರೆ ಗಿಡದ ಬೇರು ಬಂದಿತ್ತು. ಬಂದದ್ದು ಅರಿಸ್ಟೊಲೋಕಿಯ ಜಾತಿಯದು. ಅದರ ಆಮ್ಲ ಕಿಡ್ನಿಯನ್ನು ಒಳಗಿಂದ ಒಣಗಿಸುತ್ತದೆ. ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಮಾತ್ರೆ ನಿಲ್ಲಿಸಿದ ಮೇಲೂ ಕಾಯಿಲೆ ಮುಂದುವರಿಯಿತು. ಕೆಟ್ಟ ಕಿಡ್ನಿ, ಮೂತ್ರನಾಳಗಳನ್ನು ತೆಗೆಸಿಕೊಂಡ 39 ಜನರನ್ನು ಪರೀಕ್ಷಿಸಿದಾಗ 18 ಜನರಲ್ಲಿ ಕ್ಯಾನ್ಸರ್ ಇತ್ತು. ಬಾಲ್ಕನ್ ದೇಶಗಳಲ್ಲಿ ಡ್ಯಾನ್ಯೂಬ್ ನದಿಯ ಬಯಲಿನ ಕೆಲವೇ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕಾಣುತ್ತಿದ್ದ ನಿಗೂಢ ಕಿಡ್ನಿ ರೋಗಕ್ಕೂ ಇದೇ ಜಾತಿಯ ಕಳೆ ಗೋಧಿಯ ಜೊತೆ ಬೆರೆತದ್ದೇ ಕಾರಣವೆಂದು ಆಮೇಲೆ ಗೊತ್ತಾಯಿತು.

ಇದು ದೂರದ ಕಥೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದೇ ಜಾತಿಯ ಒಂದು ಬಳ್ಳಿ ನಮ್ಮ ಬೇಲಿಗಳಲ್ಲೂ ಇದೆ: ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ ಎಂದು ಹಳ್ಳಿಗಳಲ್ಲಿ ಇದರ ಬೇರನ್ನು ಅರೆದು ಕೊಡುವುದನ್ನು ನೀವೂ ನೋಡಿರುತ್ತೀರಿ. ಬೂದು ಪುಡಿಯ ಪೊಟ್ಟಣ ಕೊಟ್ಟವರನ್ನು ‘ಇದರಲ್ಲಿ ಏನೇನಿದೆ’ ಎಂದು ಕೇಳಿದೆ. ‘ಹದಿನೆಂಟು ಥರದ ಬೇರು, ಹೆಸರು ಹೇಳಿದರೆ ಗುಣ ಹೋಗುತ್ತೆ’ ಎಂದರು. ಹೆಸರು ಕೇಳಿದರೆ ಹೋಗಿಬಿಡುವ ಗುಣವನ್ನು ನನ್ನ ಉಳಿದಿರುವ ಕಿಡ್ನಿಗೆ ಹೇಗೆ ಒಪ್ಪಿಸಲಿ? ಗ್ರಂದಿಗೆ ಅಂಗಡಿಯಲ್ಲಿ ಒಣಗಿದ ಬೇರುಗಳ ಮೂಟೆಗಳನ್ನು ಒಮ್ಮೆ ನೋಡಿ ಬನ್ನಿ. ಒಂದರ ಬದಲು ಇನ್ನೊಂದು ಬಂದರೆ ಕಣ್ಣಳತೆಯಲ್ಲಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ?

ಆ ಪುಡಿಯ ಬೂದು ಬಣ್ಣದ ಬಗ್ಗೆ ಇನ್ನೊಂದು ಅನುಮಾನವೂ ಇದೆ. 2008ರಲ್ಲಿ ಅಮೆರಿಕದ ವೈದ್ಯರು ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದರು. ಐದರಲ್ಲೊಂದು ಪಾಲಿನಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಾರತದಲ್ಲಿ ತಯಾರಾದವು, ಅಮೆರಿಕದಲ್ಲಿ ತಯಾರಾದವು ಎಂಬ ಭೇದ ಹೆಚ್ಚೇನೂ ಇರಲಿಲ್ಲ. ಲೋಹ ಸೇರಿಸಿ ಮಾಡುವ ರಸೌಷಧಿಗಳಲ್ಲಿ ಪ್ರಮಾಣ ಇನ್ನೂ ಹೆಚ್ಚಿತ್ತು. ನಮ್ಮ ದೇಶದ ವೈದ್ಯರು ಮೂತ್ರದಲ್ಲಿ ವಿಪರೀತ ಪ್ರೋಟೀನ್ ಸೋರುವ ಒಂದು ಬಗೆಯ ರೋಗಿಗಳಲ್ಲಿ ಹಲವರು ಪಾದರಸವಿದ್ದ ನಾಟಿ ಔಷಧಿ ತಿಂದವರೆಂದು ಗುರುತಿಸಿ 2022ರಲ್ಲಿ ಪ್ರಕಟಿಸಿದರು. ಆಮೇಲೆ ಕೇರಳದ ಮಲಪ್ಪುರಂ ಜಿಲ್ಲೆಯಿಂದ ಅದೇ ಕಾಯಿಲೆಯ ವರದಿ, ಈ ಬಾರಿ ಮುಖ ಬೆಳ್ಳಗಾಗುವ ಕ್ರೀಮಿನ ಪಾದರಸದಿಂದ. ಸಮಾಧಾನವೆಂದರೆ ಇವರಲ್ಲಿ ಹೆಚ್ಚಿನವರು ಆ ಪದಾರ್ಥ ಬಿಟ್ಟ ಮೇಲೆ ಚೇತರಿಸಿಕೊಂಡರು. ಅಷ್ಟರಲ್ಲಿ ಕಾರಣ ಗೊತ್ತಾಗಬೇಕು, ರೋಗಿ ಬಾಯಿ ಬಿಡಬೇಕು.

‘ನಮ್ಮ ಪುರಾತನ ವೈದ್ಯಪದ್ಧತಿಯನ್ನು ಹೀಗೆಲ್ಲ ಅನ್ನಬಹುದೇ’ ಎಂದು ನಮ್ಮ ಚಿಕ್ಕಪ್ಪ ಬೇಸರ ಮಾಡಿಕೊಂಡರು. ಚಿಕ್ಕಪ್ಪ, ನಾನು ಪದ್ಧತಿಯ ಮಾತಾಡುತ್ತಿಲ್ಲ. ಓದಿದ, ನೋಂದಣಿಯಿರುವ ಆಯುರ್ವೇದ ವೈದ್ಯರೊಬ್ಬರ ಹತ್ತಿರ ಹೋಗಿದ್ದೆ. ಅವರು ಮೊದಲು ಕೇಳಿದ್ದು ನನ್ನ ಲ್ಯಾಬ್ ರಿಪೋರ್ಟುಗಳನ್ನು. ನೋಡಿದ ಮೇಲೆ ‘ಈ ಹಂತದಲ್ಲಿ ನಾನು ಏನನ್ನೂ ಕೊಡುವುದಿಲ್ಲ, ನಿಮ್ಮ ನೆಫ್ರಾಲಜಿಸ್ಟ್ ಹೇಳಿದಂತೆ ನಡೆಯಿರಿ’ ಎಂದು ಫೀಸನ್ನೂ ತೆಗೆದುಕೊಳ್ಳದೆ ಕಳಿಸಿದರು. ನನ್ನ ತಕರಾರು ರಿಪೋರ್ಟು ಕೇಳದೆ ಮದ್ದು ಕೊಡುವವರ ಮೇಲೆ. ನಿಮ್ಮ ಮೇಲೆ.

ಈಗ ನಿಮ್ಮ ದೊಡ್ಡ ಸಾಕ್ಷಿಗೆ ಬರೋಣ. ‘ಅರಸೀಕೆರೆಯಲ್ಲಿ ಒಬ್ಬರಿಗೆ ಕ್ರಿಯಾಟಿನಿನ್ ಆರಿತ್ತು, ಈ ಪುಡಿ ತಿಂದು ನಾಲ್ಕಕ್ಕೆ ಬಂತು.’ ಇರಬಹುದು, ಸುಳ್ಳೆನ್ನುವುದಿಲ್ಲ. ಆದರೆ ಕ್ರಿಯಾಟಿನಿನ್ ಎಂದರೇನು? ನಮ್ಮ ಮಾಂಸಖಂಡಗಳು ದಿನವೂ ಹುಟ್ಟಿಸುವ ಕಸ. ಕಿಡ್ನಿ ಅದನ್ನು ಎಷ್ಟು ಗುಡಿಸುತ್ತದೆ ಎಂಬುದರ ಮೇಲೆ ಕಿಡ್ನಿಯ ಶಕ್ತಿ ಅಳೆಯುತ್ತೇವೆ. ಕಸ ಕಡಿಮೆ ಹುಟ್ಟಿದರೂ ಅಂಕಿ ಇಳಿಯುತ್ತದೆ. ಪುಡಿಯ ಜೊತೆ ಪಥ್ಯವೂ ಬಂದಿರುತ್ತದೆ: ಮಾಂಸ ಬಿಡಿ, ಮೊಟ್ಟೆ ಬಿಡಿ, ಗಂಜಿ ಕುಡಿಯಿರಿ. ಮಾಂಸ ಬಿಟ್ಟರೆ ಕ್ರಿಯಾಟಿನಿನ್ ಸ್ವಲ್ಪ ಇಳಿಯುತ್ತದೆ. ಊಟ ಸೇರದೆ ಮೈ ಬಡವಾಗಿ ತೋಳು ತೊಡೆ ಕರಗಿದರೆ ಇನ್ನೂ ಇಳಿಯುತ್ತದೆ. ಅಂಕಿ ಚೆನ್ನಾಗಿದೆ ಎಂದು ಮನೆಯವರು ಖುಷಿಪಡುತ್ತಿರುತ್ತಾರೆ, ಮನುಷ್ಯ ಸೊರಗುತ್ತಿರುತ್ತಾನೆ. ಇನ್ನೊಂದು ದಾರಿಯೂ ಇದೆ. ವಾಂತಿಭೇದಿಯೋ, ನೋವಿನ ಮಾತ್ರೆಯೋ, ಮೂತ್ರದ ಸೋಂಕೋ ಆಗಿ ಕ್ರಿಯಾಟಿನಿನ್ ಒಮ್ಮೆಲೆ ಏರಿರುತ್ತದೆ. ಅದು ತಾನಾಗಿ ಇಳಿಯುವ ವಾರದಲ್ಲೇ ಪುಡಿ ಶುರುವಾಗಿರುತ್ತದೆ. ಯಶಸ್ಸು ಪುಡಿಯ ಪಾಲಿಗೆ. ಒಂದೇ ರಕ್ತವನ್ನು ಎರಡು ಲ್ಯಾಬಿಗೆ ಕೊಟ್ಟರೂ ಅಂಕಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ಯಾರಾದರೂ ‘ಇಳಿಯಿತು’ ಎಂದರೆ ನಾನು ಕೇಳುವುದು: ತೂಕ ಎಷ್ಟಿತ್ತು, ಈಗೆಷ್ಟಿದೆ? ಮೂತ್ರದಲ್ಲಿ ಹೋಗುವ ಪ್ರೋಟೀನ್ ಎಷ್ಟಾಗಿದೆ? ಆರು ತಿಂಗಳ ಮೇಲೆ ಮತ್ತೆ ನೋಡಿದಾಗ ಏನಿತ್ತು? ಈ ಪ್ರಶ್ನೆಗಳಿಗೆ ಇದುವರೆಗೆ ಯಾರಿಂದಲೂ ಉತ್ತರ ಬಂದಿಲ್ಲ. ಡಯಾಲಿಸಿಸ್ ಬಿಟ್ಟು ಪುಡಿಯನ್ನೇ ನಂಬಿದವರ ಕಥೆಯನ್ನು ಆಮೇಲೆ ಹೇಳುವುದಕ್ಕೆ ಅವರು ಉಳಿದಿರುವುದಿಲ್ಲ. ಹಾಗಾಗಿ ನಮಗೆ ಕೇಳಿಸುವುದು ಗೆದ್ದವರ ಕಥೆ ಮಾತ್ರ.

ಪರೀಕ್ಷೆ ಮಾಡಿಯೇ ನೋಡಿದ್ದಾರೆಯೇ? ನೋಡಿದ್ದಾರೆ, ನೈಸರ್ಗಿಕವೆನ್ನುವವನ್ನೂ ನೋಡಿದ್ದಾರೆ. ಟೈಪ್ 2 ಮಧುಮೇಹವಿದ್ದ 1312 ಜನಕ್ಕೆ ಐದು ವರ್ಷ ವಿಟಮಿನ್ ಡಿ, ಮೀನೆಣ್ಣೆಯ ಒಮೆಗಾ-3, ಇಲ್ಲವೇ ಅವುಗಳಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟು ಅಮೆರಿಕದಲ್ಲಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ: ಕಿಡ್ನಿ ಇಳಿಯುವ ವೇಗದಲ್ಲಿ ವ್ಯತ್ಯಾಸವಿಲ್ಲ. ಕೆನಡಾದಲ್ಲಿ ಐನೂರಕ್ಕೂ ಹೆಚ್ಚು ಕಿಡ್ನಿ ರೋಗಿಗಳಿಗೆ ಅರಿಸಿನದ ಕರ್ಕ್ಯುಮಿನ್ ಕೊಟ್ಟು ನೋಡಿದರು, ಪ್ರಯೋಜನ ಕಾಣಲಿಲ್ಲ. ಅದೇ ಕೆನಡಾದಲ್ಲಿ ಮಧುಮೇಹದಿಂದ ಕಿಡ್ನಿ ಕೆಟ್ಟ 238 ಜನರ ಮೇಲೆ ನಡೆದ ಪ್ರಯೋಗವೊಂದಿದೆ. 2010ರಲ್ಲಿ ಪ್ರಕಟವಾಯಿತು. ಕೊಟ್ಟದ್ದು ಫೋಲಿಕ್ ಆ್ಯಸಿಡ್, ಬಿ6, ಬಿ12, ಹೆಚ್ಚಿನ ಪ್ರಮಾಣದಲ್ಲಿ. ‘ಬಿ ಕಾಂಪ್ಲೆಕ್ಸು ತಾನೇ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ’ ಎನ್ನುವ ಮಾತನ್ನು ನಾನೇ ತರಗತಿಗಳಲ್ಲಿ ಕೇಳಿದ್ದೇನೆ. ಮೂರು ವರ್ಷದಲ್ಲಿ ವಿಟಮಿನ್ ತಿಂದವರ ಕಿಡ್ನಿಯ ಸೋಸುವ ಶಕ್ತಿ 16.5 ಅಂಕ ಇಳಿಯಿತು, ಖಾಲಿ ಮಾತ್ರೆ ತಿಂದವರದ್ದು 10.7. ಹೃದಯಾಘಾತ, ಪಾರ್ಶ್ವವಾಯುವಿನಂಥವೂ ವಿಟಮಿನ್ ಗುಂಪಿನಲ್ಲೇ ಹೆಚ್ಚು. ಮೂತ್ರದಲ್ಲಿ ಹೋಗಬೇಕಾದದ್ದು ಹೋಗಬೇಕಾದರೆ ಕಿಡ್ನಿ ಬೇಕಲ್ಲ.

ಎಲ್ಲವೂ ವ್ಯರ್ಥ ಎನ್ನುತ್ತಿಲ್ಲ. 1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ತೆಗೆದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂದು ಅದೇ ಶತಮಾನದ ಕೊನೆಯಲ್ಲಿ ಕಂಡುಕೊಂಡರು. ತೊಗಟೆಯ ಕಷಾಯ ಉಪಯೋಗಕ್ಕೆ ಬರಲಿಲ್ಲ, ಕರುಳು ಅದನ್ನು ಹೀರುವುದಿಲ್ಲ, ಭೇದಿಯಾಗುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅದರ ಅಣುವನ್ನು ತಿದ್ದಿ ತೀಡಿ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಬಂದವು. 4304 ಕಿಡ್ನಿ ರೋಗಿಗಳ ಮೇಲೆ ಮಾಡಿದ ಪ್ರಯೋಗ 2020ರಲ್ಲಿ ಹೊರಬಂತು. ಕಿಡ್ನಿ ಅರ್ಧಕ್ಕರ್ಧ ಕುಸಿಯುವುದು, ಪೂರ್ತಿ ಸೋಲುವುದು, ಅದರಿಂದಲೋ ಹೃದಯದಿಂದಲೋ ಸಾಯುವುದು ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 14.5, ಔಷಧಿಯವರಲ್ಲಿ 9.2. ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಪ್ರಯೋಗವನ್ನು ಮುಂಚೆಯೇ ನಿಲ್ಲಿಸಿದರು. ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಹಲವು ಕಂಪನಿಗಳು ಅದನ್ನು ಮಾಡುತ್ತಿವೆ, ಬೆಲೆ ನೀವು ತಂದ ನೋನಿ ಬಾಟಲಿಗಿಂತ ಎಷ್ಟೋ ಕಡಿಮೆ. ನಾನು ದಿನವೂ ಅದನ್ನು ನುಂಗುತ್ತೇನೆ. ಮರದಿಂದ ಬಂದದ್ದಕ್ಕೆ ನನ್ನ ವಿರೋಧವಿಲ್ಲ ಎಂದು ಇನ್ನಾದರೂ ನಂಬಿ. ಅಡುಗೆ ಸೋಡಾ ಎಂದು ನಾವು ಕರೆಯುವ ವಸ್ತುವನ್ನೂ ರಕ್ತದಲ್ಲಿ ಆಮ್ಲ ಹೆಚ್ಚಾದ ಕಿಡ್ನಿ ರೋಗಿಗಳಿಗೆ ವೈದ್ಯರು ಮಾತ್ರೆಯಾಗಿ ಕೊಡುತ್ತಾರೆ. 2009ರಲ್ಲಿ ಲಂಡನ್ನಿನ 134 ರೋಗಿಗಳಲ್ಲಿ ಅದು ಕಾಯಿಲೆಯ ವೇಗ ತಗ್ಗಿಸಿತು, 2020ರಲ್ಲಿ ಬ್ರಿಟನ್ನಿನ ವಯಸ್ಸಾದ ರೋಗಿಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಯಾರಿಗೆ, ಎಷ್ಟು ಎಂಬುದನ್ನು ರಕ್ತ ನೋಡಿ ಹೇಳಬೇಕು. ಬಜ್ಜಿಗೆ ಹಾಕುವ ಡಬ್ಬಿಯಿಂದ ಚಮಚ ತೆಗೆದುಕೊಳ್ಳುವ ವಿಷಯವಲ್ಲ. ಅದರಲ್ಲಿ ಸೋಡಿಯಂ ಇದೆ.

ಇನ್ನು ಮೆಡಿಕಲ್ ಶಾಪಿನ ಕಡೆಯಿಂದ ಬರುವ ಪ್ರೀತಿ. ‘ಕೊರೊನಾ ಕಾಲದಿಂದ ನಾವೆಲ್ಲ ತಗೋತೀವಿ’ ಎಂದು ತಂದುಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದೋ ತಿಂಗಳಿಗೊಂದೋ ಹೇಳುತ್ತಾರೆ. ದಿನವೂ ತಿಂದು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ನಿಂತವರಿದ್ದಾರೆ. ನನಗೂ ವಿಟಮಿನ್ ಡಿ ಬೇಕಾಗುತ್ತದೆ, ರಕ್ತ ನೋಡಿ ಕೊಡುತ್ತಾರೆ. ‘ಸುಸ್ತು ಅಂತೀಯಲ್ಲ’ ಎಂದು ತಂದ ಪ್ರೋಟೀನ್ ಪೌಡರ್ ನನ್ನ ಹಂತದಲ್ಲಿ ಭಾರ. ಡಯಾಲಿಸಿಸ್ಸಿನಲ್ಲಿರುವವರಿಗಾದರೆ ಪ್ರೋಟೀನ್ ಹೆಚ್ಚೇ ಬೇಕು. ಒಂದೇ ಕಾಯಿಲೆಯ ಎರಡು ಹಂತಗಳಿಗೆ ಎದುರುಬದುರು ಪಥ್ಯ. ‘ಬಿ.ಪಿ.ಗೆ ಒಳ್ಳೆಯದು’ ಎಂಬ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಜಾಗದಲ್ಲಿರುವುದು ಪೊಟ್ಯಾಸಿಯಂ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಅಂಥ ಉಪ್ಪನ್ನು ಶಿಫಾರಸು ಮಾಡುವಾಗಲೇ ಕಿಡ್ನಿ ತೊಂದರೆಯಿರುವವರಿಗೆ ಈ ಶಿಫಾರಸು ಅನ್ವಯವಾಗದು ಎಂದು ಬರೆದಿದೆ. ಕೆಮ್ಮಿಗೆ ತಂದ ಜ್ಯೇಷ್ಠಮಧು ಅತಿಯಾದರೆ ಬಿ.ಪಿ. ಏರಿಸುತ್ತದೆ. ಸಪ್ಲಿಮೆಂಟ್ ಡಬ್ಬಿಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಅಚ್ಚುಹಾಕಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ತರುವ ಮುಂಚೆ ಅದೊಂದು ಸಾಲನ್ನಾದರೂ ಹುಡುಕಿ ಓದಿ.

ಕಸಿ ಮಾಡಿಸಿಕೊಂಡವರ ಮನೆಗೆ ಹೋಗುವವರಿಗೆ ಬೇರೆಯೇ ಎಚ್ಚರಿಕೆ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ಅವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನುತ್ತಿರುತ್ತಾರೆ. ನೀವು ಹೋಗಿ ‘ಇಮ್ಯುನಿಟಿ ಹೆಚ್ಚಿಸುವ’ ಅಮೃತಬಳ್ಳಿಯ ಕಷಾಯ ಕೊಡುತ್ತೀರಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಅವರ ಮನೆಗೆ ಒಯ್ಯಬೇಡಿ. ಅದು ಟ್ಯಾಕ್ರೋಲಿಮಸ್ ಎಂಬ ಆ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು.

ವಾಟ್ಸ್‌ಆ್ಯಪ್ಪಿನವರಿಗೆ ಒಂದು ಮಾತು. ಮಧುಮೇಹ, ರಕ್ತದೊತ್ತಡ ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 1954ರಿಂದಲೇ ಇದೆ. ಆ ಪಟ್ಟಿಯಲ್ಲಿ ‘ಬ್ರೈಟ್ಸ್ ಡಿಸೀಸ್’ ಎಂಬುದೂ ಇದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ವಿವರಿಸಿದ ಕಿಡ್ನಿ ಕಾಯಿಲೆಗೆ ಹಿಂದಿನವರು ಇಟ್ಟಿದ್ದ ಹೆಸರು ಅದು. ‘ಕೊತ್ತಂಬರಿ ನೀರಿನಿಂದ ಕಿಡ್ನಿ ಕ್ಲೀನ್, ಹತ್ತು ಜನಕ್ಕೆ ಕಳಿಸಿ’ ಎಂಬುದು ಜಾಹೀರಾತಲ್ಲ, ನಿಮಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ, ಗೊತ್ತು. ಆದರೂ ಆ ಹತ್ತು ಜನರಲ್ಲಿ ನನ್ನಂಥ ಒಬ್ಬರು ಇರುತ್ತಾರೆ.

ಡಾಕ್ಟರುಗಳೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಗದರಬೇಡಿ. ‘ಏನಾದರೂ ನಾಟಿ ಔಷಧಿ ತಿಂದಿರಾ?’ ಎಂದು ಕಣ್ಣು ಕೆಂಪಗೆ ಮಾಡಿ ಕೇಳಿದರೆ ಯಾವ ರೋಗಿಯೂ ಹೂಂ ಎನ್ನುವುದಿಲ್ಲ. ಚೀಲದಲ್ಲಿರುವುದನ್ನೆಲ್ಲ ಮೇಜಿನ ಮೇಲಿಡಿ ಎಂದು ನನ್ನ ಡಾಕ್ಟರು ಹೇಳಿದ್ದಕ್ಕೇ ಎಷ್ಟೋ ಜನ ಪಕ್ಕದ ಕುರ್ಚಿಯಲ್ಲಿ ಕೂತು ಪೊಟ್ಟಣ ಬಿಚ್ಚಿದ್ದನ್ನು ಕಂಡಿದ್ದೇನೆ.

ಬಂಧುಗಳೇ, ಬರುವುದನ್ನು ನಿಲ್ಲಿಸಬೇಡಿ. ಕಾಯಿಲೆಗಿಂತ ಒಂಟಿತನ ಕಷ್ಟ. ಬರುವ ಮುಂಚೆ ಒಂದು ಫೋನ್ ಮಾಡಿ, ಏನು ತರಲಿ ಎಂದು ಕೇಳಿ. ನನಗೆ ಸೇಬು ಆಗುತ್ತದೆ, ಸೀಬೆ ಒಂದು ಹೋಳು ಆಗುತ್ತದೆ, ಮಲ್ಲಿಗೆ ಎಷ್ಟು ಮೊಳವಾದರೂ ಆಗುತ್ತದೆ. ಬೇರೆ ರೋಗಿಗಳಿಗೆ ಬೇರೆ ಲೆಕ್ಕವಿರುತ್ತದೆ, ಅವರನ್ನೇ ಕೇಳಿ. ಈಗಾಗಲೇ ನೀವು ಕೊಟ್ಟದ್ದನ್ನು ಯಾರಾದರೂ ತಿನ್ನುತ್ತಿದ್ದರೆ, ಡಬ್ಬಿ ಪೊಟ್ಟಣ ಸಮೇತ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಂಡಿನೋವಿಗೆಂದು ನೀವು ಕೊಡುವ ನೋವಿನ ಮಾತ್ರೆಯನ್ನೂ ಆ ಚೀಲಕ್ಕೆ ಹಾಕಿ.

ಕೊನೆಯದಾಗಿ, ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ. ಮನೆಯಲ್ಲಿ ಒಬ್ಬರಿಗೆ ಕಿಡ್ನಿ ಕಾಯಿಲೆಯಿದ್ದರೆ ರಕ್ತಸಂಬಂಧಿಗಳಿಗೂ ಅದರ ಸಾಧ್ಯತೆ ಹೆಚ್ಚು. ಸಕ್ಕರೆಯೋ ಬಿ.ಪಿ.ಯೋ ಇದ್ದರಂತೂ ಕೇಳುವುದೇ ಬೇಡ. ಮೊದಲ ಹಂತಗಳಲ್ಲಿ ಈ ಕಾಯಿಲೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಎರಡೇ ಪರೀಕ್ಷೆ ಸಾಕು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ನನಗೆ ಮದ್ದು ಕೊಳ್ಳಲು ತೆಗೆದಿಟ್ಟ ದುಡ್ಡಿನಲ್ಲಿ ಈ ತಿಂಗಳೇ ಅವೆರಡನ್ನು ಮಾಡಿಸಿಕೊಳ್ಳಿ, ಬರುವಾಗ ರಿಪೋರ್ಟ್ ಹಿಡಿದುಕೊಂಡು ಬನ್ನಿ.

ಇಂತಿ,
ನಿಮ್ಮ ಮನೆಯ ನಿವೃತ್ತ ಮೇಡಂ
ತಿಪಟೂರು